ವೈದ್ಯ ಬೆಂಜಮಿನ್ ರಷ್ಷನೂ ಅವನ ಕಾಗದಪತ್ರಗಳೂ

ಮಹನೀಯರ ಚರಿತ್ರೆಯನ್ನು ಬರೆಯಹೊರಟವರಿಗೆ ಎರಡು ಬಗೆಯ ಸಾಮಗ್ರಿ ದೊರೆಯುವುದುಂಟು. ಅವರನ್ನು ಕಂಡವರೂ ಕೇಳಿದವರೂ ಆಡಿದ ಮಾತು ಒಂದು. ಅವರೇ ತಮ್ಮ ಕೈಯಾರೆ ಬರೆದಿಟ್ಟ ಬರಹ ಇನ್ನೊಂದು. ಮೊದಲನೆಯದರಲ್ಲಿ ಸ್ತುತಿಯೋ ನಿಂದೆಯೋ ಬೆರೆಯದಿರುವುದು ವಿರಳ. ಎರಡನೆಯದರಲ್ಲಿಯೂ ಆತ್ಮಪ್ರಶಂಸೆಯು ನುಸುಳಬಹುದು. ಆದರೆ ದಿನದಿನದ ಕಾಗದ, ಲೆಕ್ಕದ ಪುಸ್ತಕ, ರೋಗಿಗಳ ಟಿಪ್ಪಣಿ, ಮಡದಿಗೆ ಬರೆದ ಓಲೆ ಇವೆಲ್ಲವೂ ಒಟ್ಟಾಗಿ ಉಳಿದುಬಂದಲ್ಲಿ ಮನುಷ್ಯನು ತನ್ನನ್ನು ತಾನು ಮರೆಮಾಚಿಕೊಳ್ಳಲಾರನು. ಅಮೆರಿಕದ ಸಂಯುಕ್ತ ಸಂಸ್ಥಾನಗಳು ಜನ್ಮತಾಳಿದ ಕಾಲದಲ್ಲಿ ಬಾಳಿದ ವೈದ್ಯ ಬೆಂಜಮಿನ್ ರಷ್ಷನು ಇದಕ್ಕೆ ಉತ್ತಮ ನಿದರ್ಶನ. ಆತನು ವೈದ್ಯನು, ಅಧ್ಯಾಪಕನು, ಸ್ವಾತಂತ್ರ್ಯ ಘೋಷಣೆಗೆ ಸಹಿ ಹಾಕಿದ 56 ಜನರಲ್ಲಿ ಒಬ್ಬನು, ದೇಶದ ಟಂಕಸಾಲೆಯ ಕೋಶಾಧಿಕಾರಿಯು. ಆತನ ಕಾಗದಪತ್ರಗಳ ಬಹುಭಾಗವು ಫಿಲಡೆಲ್ಫಿಯಾ ನಗರದಲ್ಲಿ ಸುರಕ್ಷಿತವಾಗಿ ಉಳಿದುಬಂದಿದೆ. ಅವು ಆತನ ಗುಣವನ್ನು ಸಾರುವಷ್ಟೇ ಸ್ಪಷ್ಟವಾಗಿ ಆತನ ದೋಷವನ್ನೂ ಸಾರುತ್ತವೆ. ಈ ಎರಡನ್ನೂ ಒಟ್ಟಿಗೆ ನೋಡುವುದೇ ಈ ಲೇಖನದ ಉದ್ದೇಶ.

ರಷ್ಷನು 1746ನೆಯ ಇಸವಿ ಜನವರಿ 4ರಂದು ಫಿಲಡೆಲ್ಫಿಯಾದ ಸಮೀಪದ ಬೈಬೆರಿ ಎಂಬ ಊರಿನಲ್ಲಿ ಜನಿಸಿದನು. ತಂದೆ ಜಾನ್ ರಷ್ ಬಂದೂಕುಗಳನ್ನು ಮಾಡುವ ಕುಶಲಕರ್ಮಿ, ಬೇಸಾಯವೂ ಇದ್ದಿತು. ಬಾಲಕನಿಗೆ ಐದು ವರ್ಷ ತುಂಬಿದ್ದಾಗ, 1751ರಲ್ಲಿ, ತಂದೆ ತೀರಿಕೊಂಡನು. ತಾಯಿ ಸುಸಾನಾ ಧೃತಿಗೆಡದೆ ಪಟ್ಟಣದಲ್ಲಿ ದಿನಸಿ ಅಂಗಡಿಯೊಂದನ್ನು ನಡೆಸಿ ಮಕ್ಕಳನ್ನು ಸಾಕಿದಳು. ಮಗನ ವಿದ್ಯೆಗೆ ಕೊರತೆಯಾಗಬಾರದೆಂದು ಅವನನ್ನು ಮೇರಿಲ್ಯಾಂಡಿನ ನಾಟಿಂಗ್‌ಹ್ಯಾಮ್ ಎಂಬಲ್ಲಿ ಪಾಠಶಾಲೆಯನ್ನು ನಡೆಸುತ್ತಿದ್ದ ತನ್ನ ತಂಗಿಯ ಗಂಡ, ಪಾದ್ರಿ ಸ್ಯಾಮ್ಯುಅಲ್ ಫಿನ್ಲಿಯ ಬಳಿಗೆ ಕಳುಹಿಸಿದಳು. ಆ ಗುರುಕುಲದಲ್ಲಿ ಬಾಲಕನು ಗ್ರೀಕ್, ಲ್ಯಾಟಿನ್ ಭಾಷೆಗಳನ್ನೂ ಕ್ರಮಬದ್ಧವಾದ ಜೀವನವನ್ನೂ ಕಲಿತನು. ಹದಿನೈದು ತುಂಬುವುದಕ್ಕೆ ಮೊದಲೇ, 1760ರಲ್ಲಿ, ಪ್ರಿನ್ಸ್‌ಟನ್ನಿನ ಕಾಲೇಜಿನಿಂದ ಪದವೀಧರನಾಗಿ ಹೊರಬಂದನು.

ಅನಂತರ ಐದು ವರ್ಷಗಳಿಗೂ ಮಿಕ್ಕ ಕಾಲ ಫಿಲಡೆಲ್ಫಿಯಾದ ವೈದ್ಯ ಜಾನ್ ರೆಡ್‌ಮನ್ನನಲ್ಲಿ ಶಿಷ್ಯವೃತ್ತಿ ನಡೆಯಿತು. ಔಷಧಗಳನ್ನು ಅರೆಯುವುದು, ರೋಗಿಗಳ ಶುಶ್ರೂಷೆ, ಲೆಕ್ಕ ಬರೆಯುವುದು ಎಲ್ಲವೂ ಶಿಷ್ಯನ ಕೆಲಸವೇ. 1762ರಲ್ಲಿ ಪಟ್ಟಣದಲ್ಲಿ ಹಳದಿ ಜ್ವರವು ಹರಡಿದಾಗ ಹದಿನಾರರ ಈ ತರುಣನು ತಾನು ಕಂಡ ಲಕ್ಷಣಗಳನ್ನು ಪುಸ್ತಕದಲ್ಲಿ ಗುರುತುಹಾಕಿಕೊಂಡನು. ಕಂಡದ್ದನ್ನು ಬರೆದಿಡುವ ಅಭ್ಯಾಸವು ಅಂದಿನಿಂದ ಸಾಯುವವರೆಗೂ ಆತನನ್ನು ಬಿಡಲಿಲ್ಲ. 1766ರಲ್ಲಿ ಕಡಲನ್ನು ದಾಟಿ ಸ್ಕಾಟ್ಲೆಂಡಿನ ಎಡಿನ್‌ಬರೊ ವಿಶ್ವವಿದ್ಯಾಲಯವನ್ನು ಸೇರಿ, ಪ್ರಸಿದ್ಧ ವೈದ್ಯಾಚಾರ್ಯ ವಿಲಿಯಂ ಕಲನ್ನನ ಬಳಿ ಓದಿದನು. ಹೊಟ್ಟೆಯಲ್ಲಿ ಅನ್ನವು ಜೀರ್ಣವಾಗುವ ಬಗೆಯನ್ನು ಕುರಿತು ಲ್ಯಾಟಿನ್ ಭಾಷೆಯಲ್ಲಿ ಪ್ರಬಂಧವನ್ನು ಬರೆದು 1768ರಲ್ಲಿ ವೈದ್ಯ ಪದವಿಯನ್ನು ಪಡೆದನು. ಅದಕ್ಕಾಗಿ ತನ್ನ ದೇಹವನ್ನೇ ಪ್ರಯೋಗಕ್ಕೆ ಒಡ್ಡಿದ್ದನು. ಲಂಡನ್, ಪ್ಯಾರಿಸ್ ನಗರಗಳನ್ನು ನೋಡಿಕೊಂಡು, ಬೆಂಜಮಿನ್ ಫ್ರಾಂಕ್ಲಿನ್ನನ ಸ್ನೇಹವನ್ನು ಸಂಪಾದಿಸಿಕೊಂಡು, 1769ರಲ್ಲಿ ತಾಯ್ನಾಡಿಗೆ ಮರಳಿದನು. ಅದೇ ವರ್ಷ, ತನ್ನ 23ನೆಯ ವಯಸ್ಸಿನಲ್ಲಿ, ಫಿಲಡೆಲ್ಫಿಯಾದ ಕಾಲೇಜಿನಲ್ಲಿ ರಸಾಯನಶಾಸ್ತ್ರದ ಪ್ರಾಧ್ಯಾಪಕನಾದನು. ಅಮೆರಿಕದ ವಸಾಹತುಗಳಲ್ಲಿ ಆ ಶಾಸ್ತ್ರಕ್ಕೆ ಅದೇ ಮೊದಲ ಪೀಠ.

ಸಿರಿವಂತರ ಆಶ್ರಯವಿಲ್ಲದ ತರುಣ ವೈದ್ಯನಿಗೆ ಬಡವರೇ ಮೊದಲ ರೋಗಿಗಳಾದರು. ಅವರ ಬದುಕನ್ನು ಹತ್ತಿರದಿಂದ ಕಂಡದ್ದರಿಂದಲೋ ಏನೋ, ಆತನ ಲೇಖನಿಯು ವೈದ್ಯಶಾಸ್ತ್ರದ ಎಲ್ಲೆಯನ್ನು ಬೇಗನೆ ದಾಟಿತು. 1773ರಲ್ಲಿ ಗುಲಾಮಗಿರಿಯನ್ನು ಖಂಡಿಸಿ ಕಿರುಹೊತ್ತಗೆಯೊಂದನ್ನು ಪ್ರಕಟಿಸಿದನು. ಕಪ್ಪು ಜನರು ಬುದ್ಧಿಯಲ್ಲಾಗಲಿ ಶೀಲದಲ್ಲಾಗಲಿ ಹುಟ್ಟಿನಿಂದ ಕೀಳಲ್ಲ, ದಾಸ್ಯವೇ ಅವರನ್ನು ಕುಗ್ಗಿಸಿದೆ ಎಂಬುದು ಅದರ ವಾದ. ಗುಲಾಮರ ಒಡೆಯರು ಮುನಿದರು. ಆತನ ವೃತ್ತಿಗೂ ಪೆಟ್ಟು ಬಿದ್ದಿತು. ಥಾಮಸ್ ಪೇನನು ಸ್ವಾತಂತ್ರ್ಯವನ್ನು ಪ್ರತಿಪಾದಿಸುವ ಗ್ರಂಥವನ್ನು ಬರೆಯುತ್ತಿದ್ದಾಗ ಅವನಿಗೆ ಉತ್ತೇಜನವನ್ನಿತ್ತು, 1776ರ ಜನವರಿಯಲ್ಲಿ ಹೊರಬಂದ ಆ ಗ್ರಂಥಕ್ಕೆ ‘ಕಾಮನ್ ಸೆನ್ಸ್’ ಎಂಬ ಹೆಸರನ್ನು ಸೂಚಿಸಿದವನೂ ರಷ್ಷನೇ. ಅದೇ ಜನವರಿಯಲ್ಲಿ ನ್ಯೂಜೆರ್ಸಿಯ ಗಣ್ಯ ನ್ಯಾಯವಾದಿ ರಿಚರ್ಡ್ ಸ್ಟಾಕ್‌ಟನ್ನನ ಮಗಳು ಜೂಲಿಯಾಳೊಡನೆ ಆತನ ವಿವಾಹವಾಯಿತು. ಆ ವರ್ಷದ ಬೇಸಗೆಯಲ್ಲಿ ಮಾವನೂ ಅಳಿಯನೂ ಒಂದೇ ಸ್ವಾತಂತ್ರ್ಯ ಘೋಷಣೆಗೆ ಸಹಿ ಹಾಕಿದರು.

ಇಷ್ಟನ್ನು ಮಾತ್ರ ಓದಿದವರು ರಷ್ಷನನ್ನು ನಿಷ್ಕಳಂಕನೆಂದು ಭಾವಿಸಿಯಾರು. ಉಳಿದುಬಂದ ದಾಖಲೆಗಳು ಹಾಗೆ ಭಾವಿಸಗೊಡುವುದಿಲ್ಲ. ಗುಲಾಮಗಿರಿಯನ್ನು ಖಂಡಿಸಿ ಬರೆದ ಈ ಮನುಷ್ಯನು ವಿಲಿಯಂ ಗ್ರಬರ್ ಎಂಬ ಗುಲಾಮನನ್ನು ಕೊಂಡು ಮನೆಯಲ್ಲಿ ಇರಿಸಿಕೊಂಡಿದ್ದನು. 1788ರಲ್ಲಿ ಅವನ ಬಿಡುಗಡೆಗೆ ಪತ್ರವನ್ನು ಬರೆದುಕೊಟ್ಟನಾದರೂ, ಆ ಬಿಡುಗಡೆಯು ಕೈಗೂಡಿದ್ದು 1794ರಲ್ಲಿ. ಗುಲಾಮಗಿರಿಯ ನಿರ್ಮೂಲನಕ್ಕಾಗಿ ಪೆನ್ಸಿಲ್ವೇನಿಯಾದಲ್ಲಿ ಏರ್ಪಟ್ಟಿದ್ದ ಸಂಘಕ್ಕೆ ಇದೇ ರಷ್ಷನು 1803ರಿಂದ ಕೊನೆಯವರೆಗೆ ಅಧ್ಯಕ್ಷನಾಗಿದ್ದನೆಂಬುದೂ ನಿಜ. ನುಡಿಯು ನಡೆಗಿಂತ ಮುಂದೆ ಓಡಿದುದಕ್ಕೆ ಅವನದೇ ಕಾಗದವು ಸಾಕ್ಷಿ.

ಯುದ್ಧಕಾಲದ ಇನ್ನೊಂದು ಕಾಗದದ ಕಥೆ ಇದಕ್ಕಿಂತಲೂ ಕಹಿಯಾದುದು. 1777ರಲ್ಲಿ ರಷ್ಷನು ಸೇನೆಯ ಮಧ್ಯವಿಭಾಗದ ವೈದ್ಯಾಧಿಕಾರಿಯಾಗಿ ನೇಮಕಗೊಂಡನು. ಆಸ್ಪತ್ರೆಗಳಲ್ಲಿ ಸೈನಿಕರು ಇಕ್ಕಟ್ಟಾಗಿ, ಕೊಳಕಿನಲ್ಲಿ, ಹೊದೆಯಲು ಬಟ್ಟೆಯಿಲ್ಲದೆ ಸಾಯುತ್ತಿದ್ದರು. ಶತ್ರುವಿನ ಕತ್ತಿಗಿಂತ ರೋಗವೇ ಹೆಚ್ಚು ಜನರನ್ನು ಕೊಲ್ಲುತ್ತಿದೆಯೆಂದು ಕಂಡ ಆತನು ಸೈನಿಕರ ಆರೋಗ್ಯರಕ್ಷಣೆಯನ್ನು ಕುರಿತು ಸೂಚನೆಗಳನ್ನು ಬರೆದು ಪ್ರಕಟಿಸಿದನು. ಮೇಲಧಿಕಾರಿ ವಿಲಿಯಂ ಶಿಪ್ಪೆನ್ನನ ಆಡಳಿತವನ್ನು ಬಹಿರಂಗವಾಗಿ ದೂರಿದನು. ದೂರಿನಲ್ಲಿ ಸತ್ಯವಿತ್ತು, ಆದರೆ ಸಹನೆಯಿರಲಿಲ್ಲ. 1778ರ ಜನವರಿಯಲ್ಲಿ ವರ್ಜೀನಿಯಾದ ರಾಜ್ಯಪಾಲ ಪ್ಯಾಟ್ರಿಕ್ ಹೆನ್ರಿಗೆ ತನ್ನ ಹೆಸರನ್ನು ಹಾಕದೆ ಪತ್ರವೊಂದನ್ನು ಬರೆದು, ಸೇನಾಪತಿಯ ಸ್ಥಾನಕ್ಕೆ ವಾಷಿಂಗ್ಟನ್ನನಿಗಿಂತ ಸಮರ್ಥರಿದ್ದಾರೆಂಬ ಅಭಿಪ್ರಾಯವನ್ನು ಸೂಚಿಸಿದನು. ಹೆನ್ರಿಯು ಆ ಪತ್ರವನ್ನು ನೇರವಾಗಿ ವಾಷಿಂಗ್ಟನ್ನನಿಗೇ ಕಳುಹಿಸಿಬಿಟ್ಟನು. ಹೆಸರಿಲ್ಲದಿದ್ದರೇನು, ಅಕ್ಷರವಿತ್ತು. ಕೈಬರಹವನ್ನು ಕಂಡೊಡನೆ ವಾಷಿಂಗ್ಟನ್ನನು ಬರೆದವನನ್ನು ಗುರುತಿಸಿದನು. ಆ ತಿಂಗಳು ಮುಗಿಯುವುದರೊಳಗೆ ರಷ್ಷನು ಸೇನೆಯ ಹುದ್ದೆಗೆ ರಾಜೀನಾಮೆಯನ್ನಿತ್ತನು. ಸಹಿಯಿಲ್ಲದ ಕಾಗದವು ಸಹಿಯಿದ್ದ ಕಾಗದದಷ್ಟೇ ಮಾತನಾಡಬಲ್ಲುದೆಂಬುದನ್ನು ಆತನು ಹೀಗೆ ಕಲಿಯಬೇಕಾಯಿತು.

ಹುದ್ದೆ ಹೋದರೂ ಸಾರ್ವಜನಿಕ ಸೇವೆ ನಿಲ್ಲಲಿಲ್ಲ. 1783ರಲ್ಲಿ ಕಾರ್ಲೈಲ್ ಎಂಬ ಊರಿನಲ್ಲಿ ಡಿಕಿನ್‌ಸನ್ ಕಾಲೇಜಿನ ಸ್ಥಾಪನೆಗೆ ಆತನೇ ಮುಂದಾಳಾದನು. ಅದೇ ವರ್ಷ ಪೆನ್ಸಿಲ್ವೇನಿಯಾ ಆಸ್ಪತ್ರೆಯ ವೈದ್ಯನಾಗಿ ಸೇರಿ ಮೂವತ್ತು ವರ್ಷ ದುಡಿದನು. 1784ರಲ್ಲಿ ಮದ್ಯಪಾನದ ಕೇಡನ್ನು ವೈದ್ಯನ ದೃಷ್ಟಿಯಿಂದ ವಿವರಿಸುವ ಪ್ರಬಂಧವನ್ನು ಬರೆದನು. ಕುಡಿತದ ಚಟವನ್ನು ರೋಗವೆಂದು ಕಂಡು ಚಿಕಿತ್ಸೆಯ ಮಾತನ್ನಾಡಿದ ಮೊದಲಿಗರಲ್ಲಿ ಆತನೊಬ್ಬನು. ಬಡರೋಗಿಗಳಿಗೆ ಉಚಿತವಾಗಿ ಔಷಧವನ್ನು ಕೊಡುವ ಔಷಧಾಲಯವು 1786ರಲ್ಲಿ ಆತನ ಯತ್ನದಿಂದ ಫಿಲಡೆಲ್ಫಿಯಾದಲ್ಲಿ ತೆರೆಯಿತು. ಹೆಣ್ಣುಮಕ್ಕಳ ವಿದ್ಯೆಯನ್ನು ಎತ್ತಿಹಿಡಿದು 1787ರಲ್ಲಿ ಆತನು ಮಾಡಿದ ಭಾಷಣವು ಅಚ್ಚಾಗಿ ಪ್ರಚಾರವಾಯಿತು. ಗಲ್ಲುಶಿಕ್ಷೆಯನ್ನು ವಿರೋಧಿಸಿಯೂ, ಎಲ್ಲ ಮಕ್ಕಳಿಗೂ ಶಾಲೆಗಳು ಬೇಕೆಂದೂ ಬರೆದನು. 1797ರಲ್ಲಿ ಅಧ್ಯಕ್ಷ ಜಾನ್ ಆಡಮ್ಸನು ಆತನನ್ನು ಟಂಕಸಾಲೆಯ ಕೋಶಾಧಿಕಾರಿಯನ್ನಾಗಿ ನೇಮಿಸಿದನು. ಆ ಹೊಣೆಯನ್ನು ಆತನು ಕೊನೆಯುಸಿರಿನವರೆಗೂ ಹೊತ್ತನು.

ಆದರೆ ರಷ್ಷನ ಹೆಸರನ್ನು ಕೇಳಿದಾಗ ವೈದ್ಯಚರಿತ್ರೆಯನ್ನು ಬಲ್ಲವರಿಗೆ ಮೊದಲು ನೆನಪಾಗುವುದು 1793ನೆಯ ಇಸವಿ. ಆಗ ಫಿಲಡೆಲ್ಫಿಯಾವೇ ದೇಶದ ರಾಜಧಾನಿ. ಜನಸಂಖ್ಯೆ ಸುಮಾರು 50,000. ಆಗಸ್ಟ್ ತಿಂಗಳಿನಲ್ಲಿ ನದಿಯ ದಡದ ಬೀದಿಗಳಲ್ಲಿ ಜ್ವರವೊಂದು ಕಾಣಿಸಿಕೊಂಡಿತು. ಕಣ್ಣೂ ಚರ್ಮವೂ ಹಳದಿಯಾಗಿ, ಕಪ್ಪು ವಾಂತಿಯಾಗಿ, ಕೆಲವೇ ದಿನಗಳಲ್ಲಿ ರೋಗಿಗಳು ಸಾಯತೊಡಗಿದರು. ಮೂವತ್ತೊಂದು ವರ್ಷಗಳ ಹಿಂದೆ ಶಿಷ್ಯನಾಗಿ ಕಂಡಿದ್ದ ರೋಗವನ್ನು ರಷ್ಷನು ಗುರುತು ಹಿಡಿದು ನಗರಕ್ಕೆ ಎಚ್ಚರಿಕೆಯನ್ನಿತ್ತನು. ಧಕ್ಕೆಯಲ್ಲಿ ಕೊಳೆಯುತ್ತಿದ್ದ ಕಾಫಿಬೀಜದ ದುರ್ಗಂಧವೇ ಇದರ ಮೂಲವೆಂದು ಆತನು ನಂಬಿದನು. ಸಾವಿರಾರು ಮಂದಿ ಊರನ್ನು ಬಿಟ್ಟು ಓಡಿದರು. ಅಧ್ಯಕ್ಷ ವಾಷಿಂಗ್ಟನ್ನನೂ ತೆರಳಿದನು. ಹಲವು ವೈದ್ಯರು ಹೊರಟುಹೋದರು. ರಷ್ಷನು ಹೋಗಲಿಲ್ಲ. ಹೆಂಡತಿಯನ್ನು ನ್ಯೂಜೆರ್ಸಿಯ ತವರಿನಲ್ಲಿ ಇರಿಸಿ ತಾನು ನಗರದಲ್ಲಿಯೇ ನಿಂತನು. ಪ್ರತಿನಿತ್ಯವೂ ಎಂಬಂತೆ ಜೂಲಿಯಾಳಿಗೆ ಆತನು ಬರೆದ ಪತ್ರಗಳಲ್ಲಿ ಆ ದಿನಗಳ ಭಯ, ದಣಿವು, ಪ್ರಾರ್ಥನೆ, ಸತ್ತವರ ಹೆಸರು ಎಲ್ಲವೂ ಇವೆ. ಜೊತೆಯಲ್ಲಿದ್ದ ಐವರು ಶಿಷ್ಯರಲ್ಲಿ ಮೂವರು ಮಡಿದರು. ಮನೆಯನ್ನು ನೋಡಿಕೊಳ್ಳುತ್ತಿದ್ದ ಅಕ್ಕರೆಯ ಸೋದರಿ ರೆಬೆಕಾ ಅಕ್ಟೋಬರ್ 1ರಂದು ತೀರಿಕೊಂಡಳು. ತಾನೂ ರೋಗಕ್ಕೆ ತುತ್ತಾಗಿ ಎದ್ದು, ಮತ್ತೆ ರೋಗಿಗಳ ಬಾಗಿಲಿಗೆ ನಡೆದನು. ಇಂತಹ ಧೈರ್ಯಕ್ಕೆ ತಲೆಬಾಗದವರುಂಟೆ?

ಈಗ ಕಾಗದವೊಂದರ ಪ್ರಸಂಗವನ್ನು ಹೇಳಬೇಕು. ಮೊದಮೊದಲು ಕೊಟ್ಟ ಸೌಮ್ಯ ಔಷಧಗಳು ಫಲಿಸದಿದ್ದಾಗ ರಷ್ಷನು ತನ್ನ ಹಳೆಯ ಪತ್ರಗಳ ಕಟ್ಟನ್ನು ಬಿಚ್ಚಿದನು. ಅದರಲ್ಲಿ ಫ್ರಾಂಕ್ಲಿನ್ನನು ಹಿಂದೆ ಕೊಟ್ಟಿದ್ದ ಹಸ್ತಪ್ರತಿಯೊಂದಿತ್ತು. ವರ್ಜೀನಿಯಾದ ವೈದ್ಯ ಜಾನ್ ಮಿಚೆಲ್ಲನು 1741ರ ಸುಮಾರಿಗೆ ಅಲ್ಲಿ ಹರಡಿದ ಜ್ವರವನ್ನು ಕುರಿತು ಬರೆದುದು ಅದು. ನಾಡಿಯು ಕ್ಷೀಣಿಸಿದ್ದರೂ ಅಂಜದೆ ತೀವ್ರವಾದ ವಿರೇಚನವನ್ನು ಕೊಡಬೇಕೆಂಬುದು ಅದರ ಉಪದೇಶ. ಕತ್ತಲೆಯಲ್ಲಿ ತಡಕುತ್ತಿದ್ದವನಿಗೆ ಇದು ದೀಪದಂತೆ ಕಂಡಿತು. ರಷ್ಷನು ಪಾದರಸದ ಔಷಧವನ್ನೂ ಜಾಲಪ್ ಎಂಬ ಬೇರಿನ ಪುಡಿಯನ್ನೂ ಕೂಡಿಸಿ ಹೆಚ್ಚಿನ ಪ್ರಮಾಣದಲ್ಲಿ ಕೊಡತೊಡಗಿದನು. ಅದಕ್ಕೆ ರಕ್ತಮೋಕ್ಷಣವನ್ನೂ ಸೇರಿಸಿದನು. ಮನುಷ್ಯದೇಹದಲ್ಲಿರುವ ರಕ್ತವನ್ನು ವಾಸ್ತವಕ್ಕಿಂತ ಸುಮಾರು ಇಮ್ಮಡಿಯೆಂದು ಎಣಿಸಿದ್ದರಿಂದ ಆತನು ತೆಗೆದ ರಕ್ತಕ್ಕೆ ಮಿತಿಯೇ ಇರಲಿಲ್ಲ. ಉಳಿದವರು ಚಿಕಿತ್ಸೆಯಿಂದಲೇ ಉಳಿದರೆಂದು ಬರೆದುಕೊಂಡನು. ಸತ್ತವರು ತಡವಾಗಿ ಬಂದರೆಂದೋ ರಕ್ತವನ್ನು ಸಾಕಷ್ಟು ತೆಗೆಯಲಿಲ್ಲವೆಂದೋ ಸಮಾಧಾನ ಹೇಳಿಕೊಂಡನು. ನಮ್ಮ ಶಾಸ್ತ್ರಕಾರರು ಕಾಕತಾಳೀಯವೆಂದು ಹೆಸರಿಟ್ಟಿರುವ ಭ್ರಾಂತಿಯು ಇದೇ. ಕಾಗೆ ಕೂರುವುದಕ್ಕೂ ತಾಳೆಯ ಹಣ್ಣು ಬೀಳುವುದಕ್ಕೂ ಸಂಬಂಧವನ್ನು ಕಲ್ಪಿಸಿದಂತಾಯಿತು.

ಅದೇ ನಗರದ ಬುಷ್ ಹಿಲ್ ಎಂಬಲ್ಲಿ ತೆರೆದ ತಾತ್ಕಾಲಿಕ ಆಸ್ಪತ್ರೆಯಲ್ಲಿ ಫ್ರೆಂಚ್ ವೈದ್ಯ ಜಾನ್ ದೆವೆಜನು ವಿಶ್ರಾಂತಿ, ಪಾನೀಯ, ಸೌಮ್ಯ ಔಷಧಗಳಿಂದ ರೋಗಿಗಳನ್ನು ನೋಡಿಕೊಳ್ಳುತ್ತಿದ್ದನು. ಎರಡು ಮಾರ್ಗಗಳನ್ನು ಹೋಲಿಸಿ ನೋಡಲು ಅವಕಾಶವಿತ್ತು. ರಷ್ಷನು ಹೋಲಿಸಲಿಲ್ಲ, ವಿರೋಧಿಸಿದವರನ್ನು ಶತ್ರುಗಳೆಂದು ಬಗೆದನು. ಕಪ್ಪು ಜನರಿಗೆ ಈ ರೋಗ ತಗಲದೆಂಬ ಇನ್ನೊಂದು ನಂಬಿಕೆಯೂ ಆತನಿಗಿತ್ತು. ಆತನ ಕರೆಗೆ ಓಗೊಟ್ಟು ರಿಚರ್ಡ್ ಆಲನ್, ಆಬ್ಸಲಮ್ ಜೋನ್ಸ್ ಇವರ ನೇತೃತ್ವದಲ್ಲಿ ಕಪ್ಪು ಜನರು ರೋಗಿಗಳ ಶುಶ್ರೂಷೆಗೂ ಶವಸಂಸ್ಕಾರಕ್ಕೂ ಮುಂದೆ ಬಂದರು. ಅವರೂ ರೋಗಕ್ಕೆ ತುತ್ತಾದರು, ಅವರಲ್ಲಿಯೂ ಬಹಳ ಮಂದಿ ಸತ್ತರು. ನವೆಂಬರಿನಲ್ಲಿ ಹಿಮ ಬೀಳತೊಡಗಿದ ಮೇಲೆ ರೋಗವು ಅಡಗಿತು. ಆ ಹೊತ್ತಿಗೆ ನಗರದ ಸುಮಾರು 5,000 ಜನ ಅಳಿದಿದ್ದರು.

ಈ ಜ್ವರವನ್ನು ಸೊಳ್ಳೆಯು ಹರಡುತ್ತದೆಂಬ ವಿಚಾರವನ್ನು ಕ್ಯೂಬಾದ ಕಾರ್ಲೋಸ್ ಫಿನ್ಲೇ 1881ರಲ್ಲಿ ಮಂಡಿಸಿದನು. 1900ರಲ್ಲಿ ವಾಲ್ಟರ್ ರೀಡನ ಮಂಡಳಿಯು ಅದನ್ನು ಪ್ರಯೋಗದಿಂದ ಸ್ಥಾಪಿಸಿತು. 1937ರಲ್ಲಿ ಮ್ಯಾಕ್ಸ್ ಥೈಲರನು ಲಸಿಕೆಯನ್ನು ಸಿದ್ಧಪಡಿಸಿದನು. ಹಿಮ ಬಿದ್ದೊಡನೆ ರೋಗವು ನಿಂತದ್ದು ಸೊಳ್ಳೆಗಳು ಸತ್ತದ್ದರಿಂದ. ಇದನ್ನು ಅಂದಿನವರು ಅರಿಯದೆ ಹೋದುದು ದೋಷವಲ್ಲ. ಆದರೆ ತನ್ನ ಚಿಕಿತ್ಸೆಯಿಂದ ಎಷ್ಟು ಜನ ಬದುಕಿದರು, ಎಷ್ಟು ಜನ ಸತ್ತರು ಎಂದು ಪಕ್ಷಪಾತವಿಲ್ಲದೆ ಎಣಿಸುವುದಕ್ಕೆ ಹೊಸ ಶಾಸ್ತ್ರವೇನೂ ಬೇಕಿರಲಿಲ್ಲ. ಪ್ಯಾರಿಸಿನ ವೈದ್ಯ ಪಿಯೆರ್ ಲೂಯಿ ಅಂತಹ ಎಣಿಕೆಯನ್ನೇ ಮಾಡಿ, 1835ರ ತನ್ನ ಗ್ರಂಥದಲ್ಲಿ, ರಕ್ತಮೋಕ್ಷಣದಿಂದ ನಂಬಿದಷ್ಟು ಪ್ರಯೋಜನವಿಲ್ಲವೆಂದು ತೋರಿಸಿದನು. ರಷ್ಷನ ಕಾಲದಲ್ಲಿಯೇ ಪತ್ರಕರ್ತ ವಿಲಿಯಂ ಕಾಬೆಟ್ಟನು ನಗರದ ಮರಣದ ಪಟ್ಟಿಗಳನ್ನು ಮುಂದಿಟ್ಟು ಆತನನ್ನು ಹಾಸ್ಯಮಾಡಿದನು. ಹಾಸ್ಯವು ಕ್ರೂರವಾಗಿತ್ತು, ರಷ್ಷನು ಮಾನನಷ್ಟದ ಮೊಕದ್ದಮೆಯನ್ನು ಹೂಡಿ ಗೆದ್ದನು. 1799ರ ಡಿಸೆಂಬರ್ 14ರಂದು ಆತನಿಗೆ 5,000 ಡಾಲರುಗಳ ಪರಿಹಾರವು ತೀರ್ಪಾಯಿತು. ವಿಧಿಯ ವಿಲಾಸವೆಂದರೆ ಇದು: ಅದೇ ದಿನ, ಗಂಟಲುಬೇನೆಗಾಗಿ ಬೇರೆ ವೈದ್ಯರಿಂದ ಮತ್ತೆಮತ್ತೆ ರಕ್ತವನ್ನು ತೆಗೆಸಿಕೊಂಡ ವಾಷಿಂಗ್ಟನ್ನನು ತನ್ನ ಮನೆಯಲ್ಲಿ ಕೊನೆಯುಸಿರೆಳೆದನು.

ರಷ್ಷನ ಕಣ್ಣು ಮಂಜಾಗದೆ ಕೆಲಸಮಾಡಿದ ಕ್ಷೇತ್ರವೂ ಒಂದುಂಟು. ಅಂದಿನ ಆಸ್ಪತ್ರೆಗಳಲ್ಲಿ ಬುದ್ಧಿಭ್ರಮಣೆಯಾದವರನ್ನು ಚಳಿಯ ಕೋಣೆಗಳಲ್ಲಿ ಸೆರೆಯಾಳುಗಳಂತೆ ಕೂಡಿಹಾಕುತ್ತಿದ್ದರು. ಹುಚ್ಚು ಶಾಪವಲ್ಲ, ಅದೊಂದು ರೋಗ. ರೋಗಿಗೆ ಬೆಚ್ಚನೆಯ ಕೋಣೆ, ಸ್ನಾನ, ಕೈಗೆ ಕೆಲಸ, ಮಾತಿಗೆ ದಯೆಯುಳ್ಳ ಮನುಷ್ಯರು ಬೇಕು ಎಂದು ಆತನು ಆಸ್ಪತ್ರೆಯ ಆಡಳಿತಗಾರರಿಗೆ ಬೇಸರವಿಲ್ಲದೆ ಪತ್ರಗಳನ್ನು ಬರೆದನು. ಇಲ್ಲಿಯೂ ರಕ್ತಮೋಕ್ಷಣದ ಮೋಹವು ಬಿಡಲಿಲ್ಲವೆಂಬುದನ್ನು ಮರೆಯುವಂತಿಲ್ಲ. ಆತನ ಹಿರಿಯ ಮಗ ಜಾನ್ ನೌಕಾಪಡೆಯಲ್ಲಿದ್ದವನು. 1807ರಲ್ಲಿ ದ್ವಂದ್ವಯುದ್ಧದಲ್ಲಿ ಸ್ನೇಹಿತನನ್ನು ಕೊಂದು, ಆ ಕೊರಗಿನಲ್ಲಿ ಮತಿಗೆಟ್ಟು, 1810ರಲ್ಲಿ ತಂದೆಯ ಆಸ್ಪತ್ರೆಗೇ ರೋಗಿಯಾಗಿ ಬಂದನು. 1837ರಲ್ಲಿ ಸಾಯುವವರೆಗೂ ಅವನು ಅಲ್ಲಿಯೇ ಇದ್ದನು. ಮನೋರೋಗಗಳನ್ನು ಕುರಿತು ರಷ್ಷನು ಬರೆದ ಗ್ರಂಥವು 1812ರಲ್ಲಿ ಪ್ರಕಟವಾಯಿತು. ಅಮೆರಿಕದಲ್ಲಿ ಆ ವಿಷಯಕ್ಕೆ ಅದೇ ಮೊದಲ ಪಠ್ಯ. ಅದನ್ನು ಬರೆದು ಮುಗಿಸಿದ ಕೈ ವೈದ್ಯನದಷ್ಟೇ ಅಲ್ಲ, ತಂದೆಯದೂ ಆಗಿತ್ತೆಂಬುದನ್ನು ಬಲ್ಲವರು ಅದನ್ನು ಬೇರೆ ಮನಸ್ಸಿನಿಂದ ಓದುತ್ತಾರೆ.

ಒಂದು ಕಾಗದದಿಂದ ಕಹಿಯನ್ನು ಉಂಡ ಮನುಷ್ಯನು ಮುಪ್ಪಿನಲ್ಲಿ ಕಾಗದಗಳಿಂದಲೇ ದೊಡ್ಡ ಉಪಕಾರವೊಂದನ್ನು ಮಾಡಿದನು. ಜಾನ್ ಆಡಮ್ಸನೂ ಥಾಮಸ್ ಜೆಫರ್‌ಸನ್ನನೂ ಸ್ವಾತಂತ್ರ್ಯದ ಹೋರಾಟದಲ್ಲಿ ಜೊತೆಗಾರರಾಗಿದ್ದು, 1800ರ ಚುನಾವಣೆಯ ಕಲಹದಿಂದ ಮಾತು ಬಿಟ್ಟಿದ್ದರು. ರಷ್ಷನು ಇಬ್ಬರಿಗೂ ಮಿತ್ರ. 1809ರ ಅಕ್ಟೋಬರಿನಲ್ಲಿ ಆತನು ಆಡಮ್ಸನಿಗೆ ತಾನು ಕಂಡ ಕನಸೆಂದು ಒಂದು ಸಂಗತಿಯನ್ನು ಬರೆದನು. ತನ್ನ ಮಗನು ಮುಂದೆ ಬರೆಯಲಾಗುವ ದೇಶದ ಇತಿಹಾಸವನ್ನು ಓದುತ್ತಿರುವಂತೆಯೂ, ಅದರಲ್ಲಿ ಈ ಇಬ್ಬರು ಮಾಜಿ ಅಧ್ಯಕ್ಷರು ಪತ್ರಗಳ ಮೂಲಕ ಮತ್ತೆ ಒಂದಾದರೆಂದೂ, ತುಂಬಿದ ವಯಸ್ಸಿನಲ್ಲಿ ಹೆಚ್ಚುಕಡಿಮೆ ಒಂದೇ ಕಾಲಕ್ಕೆ ತೀರಿಕೊಂಡರೆಂದೂ ಬರೆದಿರುವಂತೆ ಆ ಕನಸು. ಎರಡು ವರ್ಷಗಳಿಗೂ ಮಿಕ್ಕು ಆತನು ಇಬ್ಬರಿಗೂ ಬರೆಯುತ್ತಲೇ ಇದ್ದನು. 1812ರ ಜನವರಿ 1ರಂದು ಆಡಮ್ಸನು ಜೆಫರ್‌ಸನ್ನನಿಗೆ ಪತ್ರ ಬರೆದನು. ಮುರಿದ ಸ್ನೇಹವು ಕೂಡಿತು. ಸ್ವಾತಂತ್ರ್ಯ ಘೋಷಣೆಗೆ ಐವತ್ತು ವರ್ಷ ತುಂಬಿದ 1826ರ ಜುಲೈ 4ರಂದು, ಒಂದೇ ದಿನ, ಇಬ್ಬರೂ ಕಣ್ಮುಚ್ಚಿದರು. ಅದನ್ನು ಕಾಣಲು ರಷ್ಷನು ಇರಲಿಲ್ಲ. ಆತನು 1813ರ ಏಪ್ರಿಲ್ 19ರಂದು, 67ನೆಯ ವಯಸ್ಸಿನಲ್ಲಿ, ತೀರಿಕೊಂಡಿದ್ದನು. ಫಿಲಡೆಲ್ಫಿಯಾದ ಕ್ರೈಸ್ಟ್ ಚರ್ಚಿನ ಸ್ಮಶಾನದಲ್ಲಿ ಆತನ ಸಮಾಧಿಯಿದೆ.

ಹದಿಮೂರು ಮಕ್ಕಳಲ್ಲಿ ಒಬ್ಬನಾದ ಜೇಮ್ಸನೂ ವೈದ್ಯನಾಗಿದ್ದನು. ತಂದೆಯ ಗ್ರಂಥಗಳನ್ನೂ ಪತ್ರಗಳನ್ನೂ ಕಾಪಾಡಿಕೊಂಡು ಬಂದ ಅವನು 1869ರಲ್ಲಿ ತೀರಿಕೊಂಡಾಗ ತನ್ನ ಅಪಾರವಾದ ಆಸ್ತಿಯನ್ನು ಫಿಲಡೆಲ್ಫಿಯಾದ ‘ಲೈಬ್ರರಿ ಕಂಪನಿ’ ಎಂಬ ಪುಸ್ತಕಭಂಡಾರಕ್ಕೆ ಬಿಟ್ಟನು. 1731ರಲ್ಲಿ ಫ್ರಾಂಕ್ಲಿನ್ನನು ಸ್ಥಾಪಿಸಿದ ಸಂಸ್ಥೆ ಅದು. ವಂಶಸ್ಥರ ಬಳಿ ಉಳಿದಿದ್ದ ಇನ್ನೊಂದು ಭಾಗವು 1943ರಲ್ಲಿ ನ್ಯೂಯಾರ್ಕಿನಲ್ಲಿ ಹರಾಜಾಗಿ ಹಲವು ಕೈಗಳಿಗೆ ಹಂಚಿಹೋಯಿತು. ರಷ್ಷನು 1800ರಲ್ಲಿ ಮಕ್ಕಳಿಗಾಗಿ ಬರೆದಿಟ್ಟಿದ್ದ ಆತ್ಮಕಥೆಯು ಜಾರ್ಜ್ ಕಾರ್ನರನ ಸಂಪಾದಕತ್ವದಲ್ಲಿ 1948ರಲ್ಲಿಯೂ, ಆತನ ಪತ್ರಗಳು ಲೈಮನ್ ಬಟರ್‌ಫೀಲ್ಡನ ಸಂಪಾದಕತ್ವದಲ್ಲಿ 1951ರಲ್ಲಿ ಎರಡು ಸಂಪುಟಗಳಾಗಿಯೂ ಅಚ್ಚಾದವು. ಅವನ್ನು ಓದಿದವರಿಂದಲೇ ಆತನ ಚಿಕಿತ್ಸೆಯ ವಿಮರ್ಶೆಯೂ ಸಾಧ್ಯವಾಯಿತು. ಆತನ ಮೇಲಿನ ಆರೋಪಕ್ಕೆ ಬೇಕಾದ ಸಾಕ್ಷ್ಯವನ್ನು ಆತನೇ ಕೂಡಿಟ್ಟಿದ್ದನು.

ವಿದ್ಯಾರ್ಥಿಮಿತ್ರರು ಇದರಲ್ಲಿ ಎರಡು ಸಂಗತಿಗಳನ್ನು ಗಮನಿಸಬೇಕೆಂದು ನನ್ನ ಕೋರಿಕೆ. ಹಳೆಯ ಬರಹವನ್ನು ಗೆದ್ದಲಿಗೂ ಬೆಂಕಿಗೂ ಬಿಡದೆ ಕಾಪಾಡುವುದು ಒಂದು ಕರ್ತವ್ಯ. ಅದರಲ್ಲಿ ಹೇಳಿದ್ದು ದಿಟವೇ ಎಂದು ಪರೀಕ್ಷಿಸುವುದು ಇನ್ನೊಂದು. ಮಿಚೆಲ್ಲನ ಹಸ್ತಪ್ರತಿಯನ್ನು ಜೋಪಾನಮಾಡಿ ರಷ್ಷನು ಮೊದಲನೆಯ ಕರ್ತವ್ಯವನ್ನು ನೆರವೇರಿಸಿದನು. ರೋಗಿಯ ಮಂಚದ ಬಳಿಯ ಪ್ರತ್ಯಕ್ಷವನ್ನು ಬಿಟ್ಟು ಹಸ್ತಪ್ರತಿಯ ಶಬ್ದವನ್ನೇ ಪ್ರಮಾಣವಾಗಿ ಹಿಡಿದಾಗ ಎರಡನೆಯದರಲ್ಲಿ ಎಡವಿದನು. ಅವನ ಎದೆಗಾರಿಕೆಯಾಗಲಿ ದಯೆಯಾಗಲಿ ಆ ಎಡವನ್ನು ತಡೆಯಲಿಲ್ಲ; ಒಳ್ಳೆಯ ಮನಸ್ಸಿನಿಂದ ಮಾಡಿದ ಚಿಕಿತ್ಸೆಯೂ ರೋಗಿಯನ್ನು ಕೊಲ್ಲಬಲ್ಲುದು. ಆದರೆ ತನ್ನ ಬಾಳಿನ ಲೆಕ್ಕವನ್ನು ಮುಚ್ಚಿಡದೆ ಮುಂದಿನವರ ಕೈಗೆ ಉಳಿಸಿಹೋದನಲ್ಲ, ಆ ಋಣವು ದೊಡ್ಡದು. ಅವನು ಮಾಡದೆ ಬಿಟ್ಟ ಎಣಿಕೆಯನ್ನು ಇತರರು ಮಾಡಿ ಮುಗಿಸಿದ್ದು ಅವನದೇ ಪುಟಗಳಿಂದ.